ಕೊಪ್ಪಳದ ಹಿತ್ತಲಿಗೆ ಪರ್ಸಿಮನ್: ‘ಚಳಿ ತಡೆಯುವ ತಳಿ’ ತರಿಸಬೇಕಾ, ಬೇಡವಾ?

ಮಸಾರಿ ಹೊಲ (ಯಲಬುರ್ಗಾ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಒಂದು ಗಿಡದ ಬಗ್ಗೆ ಕೇಳಬೇಕಿತ್ತು. ದುಡ್ಡು ಕಟ್ಟುವ ಮೊದಲೇ ಕೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಹೋದ ನವೆಂಬರಿನಲ್ಲಿ ಅವ್ವನನ್ನು ಕರೆದುಕೊಂಡು ಕುಲ್ಲುವಿಗೆ ಹೋಗಿದ್ದೆ, ತಮ್ಮ ಅಲ್ಲಿ ಕೆಲಸದಲ್ಲಿದ್ದಾನೆ. ಅವನ ಬಾಡಿಗೆ ಮನೆ ಹಿಂದೆ ಒಂದು ಮರ ಇತ್ತು. ಎಲೆ ಎಲ್ಲ ಉದುರಿ ಬರೀ ಕೊಂಬೆ ನಿಂತಿತ್ತು, ಆ ಕೊಂಬೆ ತುಂಬಾ ಟೊಮೆಟೊ ಗಾತ್ರದ ಕೇಸರಿ ಬಣ್ಣದ ಹಣ್ಣು. ಮನೆ ಮಾಲೀಕರು ‘ಜಾಪಾನಿ ಫಲ’ ಅಂದರು, ಪಕ್ಕದವರು ‘ರಾಮಫಲ’ ಅಂದರು. ಅವ್ವ ಮಾತ್ರ “ರಾಮಫಲ ನನಗೆ ಗೊತ್ತಿಲ್ವಾ, ನಮ್ಮ ಹೊಲದ ಬದುವಿನಲ್ಲೇ ಇತ್ತು, ಇದು ಅದಲ್ಲ” ಅಂತ ಒಪ್ಪಲಿಲ್ಲ. ಆಮೇಲೆ ಒಂದು ಹಣ್ಣನ್ನು ಎರಡು ಹೋಳು ಮಾಡಿ ಚಮಚ ಕೊಟ್ಟರು. ಅವ್ವನಿಗೆ ಹಲ್ಲು ಕಡಿಮೆ. ಒಳಗಿನದೆಲ್ಲ ಜೇನು ಬೆರೆಸಿದ ಗಂಜಿಯ ಹಾಗೆ ಮೆತ್ತಗಿತ್ತು. ಅಲ್ಲಿದ್ದ ಹತ್ತು ದಿನವೂ ದಿನಕ್ಕೆರಡು ತಿಂದರು. ಊರಿಗೆ ಬಂದ ಮೇಲೂ ಅದರದೇ ಮಾತು.

ಮನೆ ಹಿಂದೆ 12 ಗುಂಟೆ ಇದೆ. ಮಸಾರಿ ನೆಲ, ಬೋರಿನ ನೀರು ಒಂದಿಂಚು ಬರುತ್ತದೆ. ಮಾವು, ಪೇರಲ, ನುಗ್ಗೆ ಎಲ್ಲ ಚೆನ್ನಾಗಿ ಬಂದಿವೆ. ಈಗ ಫೋನಿನಲ್ಲಿ ಒಂದು ನರ್ಸರಿಯವರ ಜಾಹೀರಾತು ಬಂದಿದೆ. ಕುಲ್ಲುವಿನ ಆ ಜಾಪಾನಿ ಫಲಕ್ಕೇ ಪರ್ಸಿಮನ್ ಅನ್ನುತ್ತಾರಂತೆ. ಪರ್ಸಿಮನ್ ಸಸಿ, ‘ಮೈನಸ್ 25 ಡಿಗ್ರಿ ಚಳಿ ತಡೆಯುವ ಗಟ್ಟಿ ತಳಿ, ಎಲ್ಲಿ ಬೇಕಾದರೂ ಬೆಳೆಯುತ್ತದೆ’ ಅಂತ ಹಾಕಿದ್ದಾರೆ. ಒಂದಕ್ಕೆ 1,600 ರೂಪಾಯಿ. ನಾಲ್ಕು ತರಿಸೋಣ ಅಂತಿದ್ದೇನೆ. ಅಷ್ಟು ಚಳಿ ತಡೆಯುವ ಗಿಡ ಅಂದಮೇಲೆ ನಮ್ಮ ಬಿಸಿಲನ್ನೂ ತಡೆಯುತ್ತದೆ ಅಲ್ವಾ? ಬೆಳೆದವರು ಯಾರಾದರೂ ಇದ್ದರೆ ಹೇಳಿ.

ಎರೆ ಭೂಮಿ (ಸಿಂಧನೂರು)

ಅಕ್ಕ, ಇವತ್ತು ದುಡ್ಡು ಕಟ್ಟಬೇಡಿ. ನಾಲ್ಕು ದಿನ ತಡೆಯಿರಿ.

ಪರ್ಸಿಮನ್ ನಾನು ಬೆಳೆದಿಲ್ಲ, ಸೇಬು ಹಾಕಿದ್ದೇನೆ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ಹರಿಮನ್ ಶರ್ಮಾ ಅವರು ಬೆಳೆಸಿದ ಎಚ್‌ಆರ್‌ಎಂಎನ್-99 ತಳಿ. ಕಡಿಮೆ ಚಳಿಯಲ್ಲೂ ಕಾಯಿ ಕಚ್ಚುವ ಸೇಬು ಅದು, ಅದಕ್ಕಾಗಿಯೇ 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹತ್ತು ಗಿಡ ಹಾಕಿದೆ, ಆರು ಉಳಿದವು. ಅವುಗಳಿಗೂ ಡಿಸೆಂಬರಿನಲ್ಲಿ ನೀರು ನಿಲ್ಲಿಸಿ, ಎಲೆಗಳನ್ನೆಲ್ಲ ಕೈಯಿಂದ ಕಿತ್ತು, ಮರವನ್ನು ನಾವೇ ಚಳಿಗಾಲದ ನಿದ್ದೆಗೆ ಕಳಿಸಬೇಕು. ಹಾಗೆ ಮಾಡಿದ ವರ್ಷ ಹೂ ಒಟ್ಟಿಗೆ ಬರುತ್ತದೆ. ಮಾಡದಿದ್ದರೆ ಒಂದು ಕೊಂಬೆ ಹೂ, ಒಂದು ಕೊಂಬೆ ಎಲೆ, ಒಂದು ಕೊಂಬೆ ಬರಿದು. ಕಡಿಮೆ ಚಳಿಗೇ ಅಂತ ಆರಿಸಿದ ತಳಿಗೆ ಇಷ್ಟು ಕಷ್ಟ. ನೀವು ತರಿಸುತ್ತಿರುವುದು ಅದಕ್ಕೆ ತದ್ವಿರುದ್ಧ, ಜಾಸ್ತಿ ಚಳಿ ಇರುವ ಜಾಗಕ್ಕೆ ಅಂತ ಆರಿಸಿದ ತಳಿ.

ಇಲ್ಲಿ ಒಬ್ಬ ಅಣ್ಣ ಇದ್ದಾರೆ, ಬಳ್ಳಾರಿಯವರು, ಅಮೆರಿಕದಲ್ಲಿ ಇದನ್ನೇ ಬೆಳೆಸಿದ್ದಾರೆ. ಅವರು ಬರೆಯಲಿ.

ಬಳ್ಳಾರಿ–ಓಹಾಯೋ

ಕರೆದದ್ದು ನನ್ನನ್ನೇ ಅಂದುಕೊಂಡು ಬರೆಯುತ್ತಿದ್ದೇನೆ. ನನ್ನ ಊರು ಬಳ್ಳಾರಿ, ಕೌಲ್‌ಬಜಾರ್ ಕಡೆ. ಈಗ 14 ವರ್ಷದಿಂದ ಓಹಾಯೋದ ಕೊಲಂಬಸ್ ಹತ್ತಿರ ಇದ್ದೇನೆ. ಮನೆ ಹಿಂದೆ ಅರ್ಧ ಎಕರೆ ಇದೆ, ಅದರಲ್ಲಿ ಒಂಬತ್ತು ಪರ್ಸಿಮನ್ ಮರ. ಈ ಗಿಡ ಅಂದರೆ ನನಗೆ ಜೀವ. ಅದಕ್ಕೇ ಹೇಳುತ್ತೇನೆ ಅಕ್ಕ, ಆ ನಾಲ್ಕು ಸಸಿ ತರಿಸಬೇಡಿ.

ಚಳಿ ತಡೆಯುವುದು ಒಂದು ಗುಣ. ಬಿಸಿಲು ತಡೆಯುವುದು ಬೇರೆಯೇ ಗುಣ. ಇವೆರಡಕ್ಕೂ ಸಂಬಂಧ ಇಲ್ಲ. ಅದಕ್ಕಿಂತ ಮುಖ್ಯ, ಚಳಿ ತಡೆಯುವ ಮರಕ್ಕೆ ಚಳಿ *ಬೇಕು*. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದಲ್ಲ, ಆಗ ಅದರ ಮೊಗ್ಗು ಸುಮ್ನೆ ಇರುವುದಿಲ್ಲ, ಎಷ್ಟು ಹೊತ್ತು ಚಳಿ ಬಿತ್ತು ಅಂತ ಲೆಕ್ಕ ಇಡುತ್ತದೆ. ಸುಮಾರಾಗಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಗಂಟೆಗಳನ್ನು ಕೂಡಿಸುತ್ತಾರೆ. ಹಳೇ ಸೇಬಿನ ತಳಿಗಳಿಗೆ ಅಂಥ ಸಾವಿರ ಗಂಟೆ ಬೇಕು. ಪರ್ಸಿಮನ್‌ಗೆ ಅಷ್ಟು ಬೇಡ, ಜಪಾನಿ ಜಾತಿಗೆ ನೂರು ಇನ್ನೂರು ಗಂಟೆ ಸಾಕು ಅನ್ನುತ್ತಾರೆ. ಆದರೆ ಕೊಪ್ಪಳದಲ್ಲಿ ಡಿಸೆಂಬರ್ ರಾತ್ರಿ ಎಷ್ಟಿರುತ್ತದೆ? 15ರ ಆಸುಪಾಸು. ಹೆಚ್ಚು ಚಳಿ ಬಿದ್ದ ದಿನ ಅದಕ್ಕಿಂತ ಒಂದೆರಡು ಕಡಿಮೆ. ಅಂದರೆ ನಿಮ್ಮ ಹಿತ್ತಲಿನ ಲೆಕ್ಕ ಸೊನ್ನೆ. ಲೆಕ್ಕ ತುಂಬದ ಮೊಗ್ಗು ಸರಿಯಾಗಿ ಏಳುವುದಿಲ್ಲ. ಗಿಡ ಸಾಯದೆಯೂ ಇರಬಹುದು, ಎಲೆ ಬಿಡಲೂಬಹುದು. ಆಮೇಲೆ ಏಪ್ರಿಲ್ ಬರುತ್ತದೆ, 41–42 ಡಿಗ್ರಿ ಬಿಸಿಗಾಳಿಗೆ ಆ ಅಗಲ ಎಲೆಯ ಅಂಚು ಸುಟ್ಟು ಕಂದಾಗುತ್ತದೆ. ನೀವು ನೀರು ಹಾಕುತ್ತೀರಿ, ನೆರಳು ಕಟ್ಟುತ್ತೀರಿ, ಐದು ವರ್ಷ ಕಾಯುತ್ತೀರಿ. ಅವ್ವ ಕೇಳುತ್ತಲೇ ಇರುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಇನ್ನೊಂದು ಮಾತು. ಮೈನಸ್ 25 ಅಂತ ಬರೆದಿದ್ದಾರೆ ಅಂದರೆ ಅದು ನೀವು ಕುಲ್ಲುವಿನಲ್ಲಿ ತಿಂದ ಹಣ್ಣು ಅಲ್ಲವೇ ಅಲ್ಲ. ನೀವು ತಿಂದದ್ದು ಜಪಾನಿ ಜಾತಿ, ಕಾಕಿ ಅಂತಾರೆ, ಮೈನಸ್ 15ರ ಹತ್ತಿರ ಬಂದರೆ ಅದರ ಕಥೆ ಮುಗಿಯಿತು. ಮೈನಸ್ 25 ತಡೆಯುವುದು ಅಮೆರಿಕದ ಕಾಡು ಜಾತಿ. ಅದರ ಹಣ್ಣು ನಮ್ಮ ದೊಡ್ಡ ನಿಂಬೆಕಾಯಿಯಷ್ಟು ಇದ್ದರೆ ಹೆಚ್ಚು, ಒಳಗೆ ನಾಲ್ಕಾರು ಚಪ್ಪಟೆ ಬೀಜ. ರುಚಿ ಅದ್ಭುತ. ಆದರೆ ಅವ್ವ ಚಮಚದಲ್ಲಿ ತಿಂದದ್ದು ಅದಲ್ಲ.

ಮಸಾರಿ ಹೊಲ

ಅಣ್ಣ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಳಿ ತಡೆಯುತ್ತದೆ ಅಂದರೆ ಚಳಿ ಬೇಕು ಅಂತ ಅರ್ಥ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಜಾಹೀರಾತಿನಲ್ಲಿ ಅದೇ ಮಾತನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ ನೋಡಿ.

ಗಂಗಾವತಿ ಓದುಗ

ಒಂದು ಅನುಮಾನ. ಬೆಂಗಳೂರಿನ ಅಂಗಡಿಯಲ್ಲಿ ಇದೇ ಹಣ್ಣು ‘ಶಾರನ್’ ಅನ್ನುವ ಹೆಸರಲ್ಲಿ ನೋಡಿದ್ದೇನೆ, ಇಸ್ರೇಲಿನದು ಅಂದರು. ಇಸ್ರೇಲ್ ಮರಳುಗಾಡಲ್ವಾ? ಅಲ್ಲಿ ಬೆಳೆಯುವುದಾದರೆ ನಮ್ಮ ರಾಯಚೂರು, ಕೊಪ್ಪಳದಲ್ಲಿ ಯಾಕಾಗಬಾರದು?

ಬಳ್ಳಾರಿ–ಓಹಾಯೋ

ಒಳ್ಳೆ ಪ್ರಶ್ನೆ. ಶಾರನ್ ಅನ್ನುವುದು ಇಸ್ರೇಲಿನ ಕಡಲ ದಂಡೆಯ ಬಯಲಿನ ಹೆಸರು. ಅದು ಮರಳುಗಾಡಲ್ಲ. ಮೆಡಿಟರೇನಿಯನ್ ಸಮುದ್ರದ ಪಕ್ಕ ಇದೆ, ಮಳೆ ಬರುವುದೇ ಚಳಿಗಾಲದಲ್ಲಿ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ. ಸ್ಪೇನಿನ ವೆಲೆನ್ಸಿಯಾ ಕಡೆಯೂ ಹಾಗೆಯೇ, ಅಲ್ಲೂ ತುಂಬಾ ಬೆಳೆಯುತ್ತಾರೆ. ಬೇಸಿಗೆ ಬಿಸಿಲು ಇದ್ದರೆ ಈ ಮರಕ್ಕೆ ಖುಷಿಯೇ, ಹಣ್ಣು ಸಿಹಿಯಾಗುತ್ತದೆ. ಆದರೆ ಬೇಸಿಗೆ ಮುಗಿದ ಮೇಲೆ ನಿಜವಾದ ಚಳಿಗಾಲ ಒಂದು ಬೇಕು. ನಮಗೆ ಅದು ಇಲ್ಲ. ನಮ್ಮಲ್ಲಿ ಇರುವುದು ಬೇಸಿಗೆ, ಮಳೆಗಾಲ, ಆಮೇಲೆ ಸ್ವಲ್ಪ ತಂಪಾದ ಬೇಸಿಗೆ.

ರಾಯಚೂರಿಂದ ಕೂನೂರಿಗೆ

ನಾನು ಮಾನ್ವಿಯವನು, ನೀಲಗಿರಿಯ ಕೂನೂರಿನಲ್ಲಿ ಟೀ ಎಸ್ಟೇಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಇಲ್ಲಿ ಪರ್ಸಿಮನ್ ಇದೆ. ಹಳೇ ಬಂಗಲೆಗಳ ಹಿತ್ತಲಲ್ಲಿ ಒಂದೊಂದು ಮರ ಸಿಗುತ್ತದೆ, ಮಾರ್ಕೆಟ್ಟಿಗೂ ಬುಟ್ಟಿಯಲ್ಲಿ ಬರುತ್ತದೆ. ಹಾಗಂತ ದಕ್ಷಿಣದಲ್ಲಿ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ಕೇಳಿ. ಕೂನೂರು 1,800 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ಬೆಳಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತದೆ. ಮಾನ್ವಿಯಲ್ಲಿ ಅದೇ ತಿಂಗಳು ಅಪ್ಪ ಅಂಗಳದಲ್ಲಿ ಒಂದು ಚಾದರ ಹೊದ್ದು ಮಲಗುತ್ತಾರೆ.

ಸಂಡೂರು ಗುಡ್ಡ

ಎಲ್ಲರೂ ಜಪಾನು, ಇಸ್ರೇಲು ಸುತ್ತಿ ಬಂದಿರಿ. ಈ ಹಣ್ಣಿನ ಅಕ್ಕತಂಗಿ ನಮ್ಮ ಗುಡ್ಡದಲ್ಲೇ ಇದ್ದಾಳೆ, ಅದನ್ನು ಯಾರೂ ಹೇಳಲಿಲ್ಲ.

ತುಮರಿ. ತೂಬರೆ ಅಂತಲೂ ಕರೆಯುತ್ತಾರೆ. ಬೀಡಿ ಕಟ್ಟುವ ಎಲೆ ಇದೆಯಲ್ಲ, ಅದೇ ಮರ. ಪರ್ಸಿಮನ್ನೂ ಇದೂ ಒಂದೇ ಕುಲ, ಡಯಾಸ್ಪೈರಸ್. ನಂಬಿಕೆ ಬರದಿದ್ದರೆ ಒಂದು ತುಮರಿ ಹಣ್ಣು ಕೈಯಲ್ಲಿ ಹಿಡಿದು ತೊಟ್ಟಿನ ಕಡೆ ನೋಡಿ. ಅಲ್ಲಿ ಒಣಗಿದ ಹೂವಿನ ಹಾಗೆ ಒಂದು ಟೊಪ್ಪಿಗೆ ಅಂಟಿಕೊಂಡಿರುತ್ತದೆ, ಗಟ್ಟಿ ಚರ್ಮದಂಥ ನಾಲ್ಕೈದು ದಳ, ಅಂಚು ಹಿಂದಕ್ಕೆ ಮಡಚಿರುತ್ತದೆ. ಹಣ್ಣು ಕಿತ್ತರೂ ಅದು ಬಿಡುವುದಿಲ್ಲ. ಪರ್ಸಿಮನ್ ಫೋಟೊ ಪಕ್ಕದಲ್ಲಿಟ್ಟುಕೊಳ್ಳಿ, ಅದೇ ಟೊಪ್ಪಿಗೆ, ಗಾತ್ರ ಮಾತ್ರ ದೊಡ್ಡದು.

ಕಾಯಿ ತಿಂದರೆ ಆ ಒಗರಿಗೆ ನಾಲಿಗೆ ಬಟ್ಟೆಯಾಗುತ್ತದೆ. ಹಣ್ಣಾದ ಮೇಲೆ, ಅದೂ ಮರದಲ್ಲೇ ಹಳದಿಯಾಗಿ ಬೆರಳಿಗೆ ಒತ್ತಿಕೊಂಡ ಮೇಲೆ, ಒಳಗಿನ ತಿರುಳು ಸಿಹಿ. ಏಪ್ರಿಲ್, ಮೇ, ಬಿಸಿಲು ನೆತ್ತಿ ಸುಡುವಾಗಲೇ ಇದು ಹಣ್ಣಾಗುವುದು. ನಾವು ಸಣ್ಣವರಿದ್ದಾಗ ದನ ಕಾಯಲು ಹೋದವರ ಮಧ್ಯಾಹ್ನದ ಊಟವೇ ಇದು, ಮೇಲೆ ಕಾರಿ ಹಣ್ಣು. ಯಾರೂ ನೀರು ಹಾಕಿದ್ದಲ್ಲ, ಗೊಬ್ಬರ ಕೊಟ್ಟದ್ದಲ್ಲ. ಕಡಿದರೆ ಬೇರಿನಿಂದ ಮತ್ತೆ ಚಿಗುರುತ್ತದೆ.

ಇದೇ ಕುಲದ ಇನ್ನೊಂದು ಮರವೂ ನಮ್ಮಲ್ಲಿದೆ, ಜಗಳಗಂಟಿ. ಅದರ ಕಟ್ಟಿಗೆ ಮನೆಗೆ ತಂದರೆ ಮನೆಯಲ್ಲಿ ಜಗಳ ಅಂತ ಹಿರಿಯರು ತರಲು ಬಿಡುತ್ತಿರಲಿಲ್ಲ. ಅದರ ಹಣ್ಣು ತಿನ್ನುವುದಲ್ಲ.

ಗಂಗಾವತಿ ಓದುಗ

ಅಣ್ಣ, ಹಾಗಾದರೆ ತುಮರಿ ಗಿಡಕ್ಕೆ ಪರ್ಸಿಮನ್ ಕಸಿ ಕಟ್ಟಿದರೆ? ಕೆಳಗೆ ನಮ್ಮ ಬೇರು, ಮೇಲೆ ಅವರ ಹಣ್ಣು. ಬಿಸಿಲಿನ ಚಿಂತೆಯೇ ಇಲ್ಲ ಅಲ್ವಾ?

ಸಂಡೂರು ಗುಡ್ಡ

ಕಟ್ಟಿ ನೋಡಿದ್ದೇನೆ. ಹಿಮಾಚಲದಿಂದ ಸ್ನೇಹಿತರೊಬ್ಬರು ಕಡ್ಡಿ ತಂದುಕೊಟ್ಟಿದ್ದರು, ಒದ್ದೆ ಕಾಗದದಲ್ಲಿ ಸುತ್ತಿ. ನಾಲ್ಕು ಕಟ್ಟಿದೆ. ಮೂರು ಕಪ್ಪಾದವು. ಒಂದು ಹಸಿರು ಬಿಟ್ಟು ಒಂದು ಗೇಣು ಬೆಳೆಯಿತು, ಯುಗಾದಿ ಆದಮೇಲೆ ಹದಿನೈದು ದಿನದಲ್ಲಿ ಒಣಗಿತು. ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ನೋಡಿದರೆ ಕಸಿ ಕೂಡಿದ ಜಾಗ ಗಂಟು ಕಟ್ಟಿತ್ತು, ಉಗುರಿನಿಂದ ಒತ್ತಿದ್ದಕ್ಕೇ ಮೇಲಿನ ಭಾಗ ಕಳಚಿ ಬಂತು. ಒಳಗೆ ಬೆಸೆದೇ ಇರಲಿಲ್ಲ.

ಬಳ್ಳಾರಿ–ಓಹಾಯೋ

ಬೆಸೆದಿದ್ದರೂ ಉಪಯೋಗ ಆಗುತ್ತಿರಲಿಲ್ಲ ಅಣ್ಣ. ಬೇರು ಬದಲಾದರೆ ಮಣ್ಣು, ನೀರು, ಬೇರಿನ ರೋಗ ಇವಕ್ಕೆ ಅನುಕೂಲ. ಮೊಗ್ಗು ಇರುವುದು ಮೇಲಿನ ಕೊಂಬೆಯಲ್ಲಿ, ಚಳಿಯ ಲೆಕ್ಕ ಇಡುವುದು ಆ ಮೊಗ್ಗೇ. ಅದು ಜಪಾನಿ ಆಗಿದ್ದರೆ ಜಪಾನಿ ಲೆಕ್ಕವೇ.

ಹಿಮಾಚಲ, ಕಾಶ್ಮೀರದಲ್ಲಿ ಕಸಿಗೆ ಬೇರೆ ಬೇರು ಬಳಸುತ್ತಾರೆ, ಅಮ್ಲೋಕ್ ಅಂತ ಅಲ್ಲಿನದೇ ಒಂದು ಸಣ್ಣ ಹಣ್ಣಿನ ಜಾತಿ. ಇಲ್ಲಿ ಅಮೆರಿಕದಲ್ಲಿ ಕಾಡು ಪರ್ಸಿಮನ್ ಬೇರಿಗೇ ಕಟ್ಟುತ್ತೇವೆ.

ಕೃಷ್ಣಾ ತೀರ (ರಾಯಚೂರು)

ನಮಸ್ಕಾರ. ಇಲ್ಲಿಯವರೆಗೂ ಓದಿದೆ. ನಮ್ಮ ಪ್ರಶ್ನೆ ಇದರ ಇನ್ನೊಂದು ಮಗ್ಗುಲು. ನನ್ನ ಮಗಳು ಪೆನ್ಸಿಲ್ವೇನಿಯಾದಲ್ಲಿ ಮನೆ ತೆಗೆದುಕೊಂಡಿದ್ದಾಳೆ, ಪಿಟ್ಸ್‌ಬರ್ಗ್ ಹತ್ತಿರ. ಹಿಂದೆ ದೊಡ್ಡ ಅಂಗಳ ಇದೆ, ಬರೀ ಹುಲ್ಲು. “ಅಪ್ಪಾ, ಬರುವಾಗ ಏನು ಗಿಡ ಹಾಕಬೇಕು ಅಂತ ಯೋಚನೆ ಮಾಡಿಕೊಂಡು ಬನ್ನಿ” ಅಂದಿದ್ದಾಳೆ. ನಾನು 35 ವರ್ಷ ದಾಳಿಂಬೆ, ನಿಂಬೆ ಮಾಡಿದವನು. ಹಿಮ ಬೀಳುವ ಊರಲ್ಲಿ ಏನು ಹಾಕಬೇಕೋ ತಿಳಿಯದು. ಚಳಿ ತಡೆಯುವ ಈ ಮರ ಅಲ್ಲಿಗೆ ಸರಿ ಹೋಗುತ್ತದೆಯೇ? ಮೊದಲಿಂದ ಹೇಳಿದರೆ ಉಪಕಾರವಾಗುತ್ತದೆ.

ಬಳ್ಳಾರಿ–ಓಹಾಯೋ

ಸರ್, ಅಲ್ಲಿಗೆ ಇದಕ್ಕಿಂತ ಒಳ್ಳೆ ಮರ ಇಲ್ಲ. ಕೂತು ಬರೆಯುತ್ತೇನೆ, ಉದ್ದ ಆಗುತ್ತದೆ.

ಮೊದಲು ತಳಿ. ನಾನು ಆರಂಭದಲ್ಲಿ ಮಾಡಿದ್ದು ತಪ್ಪು. ಮೊದಮೊದಲು ದೊಡ್ಡ ಹಣ್ಣಿನ ಆಸೆಗೆ ಜಪಾನಿ ಫುಯು ಎರಡು ಹಾಕಿದೆ. ಮನೆ ಗೋಡೆಯ ಪಕ್ಕ, ದಕ್ಷಿಣಕ್ಕೆ, ಬೆಚ್ಚಗಿನ ಜಾಗ. ನಾಲ್ಕು ಚಳಿಗಾಲ ದಾಟಿದವು, ಹಣ್ಣೂ ಕೊಟ್ಟವು. 2022ರ ಡಿಸೆಂಬರ್, ಕ್ರಿಸ್‌ಮಸ್ ಹಿಂದಿನ ಎರಡು ದಿನ. ಸಂಜೆ ಮಳೆ ಹನಿಯುತ್ತಿತ್ತು, ಸ್ವೆಟರ್ ಸಾಕಿತ್ತು. ಬೆಳಗಾಗುವುದರೊಳಗೆ ಮೈನಸ್ 20 ದಾಟಿತು, ಮೇಲೆ ಗಾಳಿ. ಅರ್ಧ ಅಮೆರಿಕಕ್ಕೆ ಆ ಗಾಳಿ ಬಡಿದಿತ್ತು. ಮರಗಳಿಗೆ ನಿಧಾನಕ್ಕೆ ಇಳಿಯುವ ಚಳಿ ಅಷ್ಟು ಕಷ್ಟ ಅಲ್ಲ, ಹೀಗೆ ಒಂದೇ ರಾತ್ರಿಯಲ್ಲಿ ಬೀಳುವುದು ಕೊಲ್ಲುತ್ತದೆ. ಏಪ್ರಿಲ್‌ನಲ್ಲಿ ಹೆಬ್ಬೆರಳ ಉಗುರಿನಿಂದ ಫುಯುವಿನ ತೊಗಟೆ ಕೆರೆದೆ. ಹಸಿರು ಇರಬೇಕಾದ ಕಡೆ ಚಹಾ ಡಿಕಾಕ್ಷನ್ ಬಣ್ಣ. ಸ್ವಲ್ಪ ಕೆಳಗೆ ಕೆರೆದೆ, ಅಲ್ಲೂ ಅದೇ. ಹಾಗೆ ಕೆರೆಯುತ್ತಾ ಕಸಿ ಕಟ್ಟಿದ ಗಂಟಿನವರೆಗೂ ಬಂದೆ. ಗಂಟಿನ ಕೆಳಗೆ ಒಂದು ಉಗುರು ಕೆರೆದರೆ ಹಸಿರು, ಒದ್ದೆ ಹಸಿರು. ಅದು ಕಾಡು ಪರ್ಸಿಮನ್ ಬೇರು. ಅದಕ್ಕೆ ಏನೂ ಆಗಿರಲಿಲ್ಲ. ಅವತ್ತಿನಿಂದ ನಾನು ಕಾಡು ಜಾತಿಯ ಕಡೆ ತಿರುಗಿದೆ.

ಆ ಕಾಡು ಜಾತಿ ದಕ್ಷಿಣದಲ್ಲಿ ಫ್ಲಾರಿಡಾದಿಂದ ಉತ್ತರದಲ್ಲಿ ಕನೆಕ್ಟಿಕಟ್‌ವರೆಗೆ ತಾನಾಗಿ ಬೆಳೆಯುತ್ತದೆ. ಉತ್ತರದ ತಳಿಗಳಿಗೆ ಮೈನಸ್ 25 ಲೆಕ್ಕಕ್ಕಿಲ್ಲ. ಹೆಸರುವಾಸಿ ತಳಿಗಳು ಇವೆ: ಅರ್ಲಿ ಗೋಲ್ಡನ್, ಮೀಡರ್, ಪ್ರೋಕ್, ಯೇಟ್ಸ್. ಪ್ರೋಕ್‌ನ ಹಣ್ಣು ಈ ಜಾತಿಯಲ್ಲಿ ದೊಡ್ಡದು, ಜಾಗ ಕಡಿಮೆ ಇದ್ದರೆ ನಾನು ಅದನ್ನೇ ಹೇಳುತ್ತೇನೆ. ಕಾಡು ಜಾತಿಗೂ ಜಪಾನಿಗೂ ಅಡ್ಡತಳಿ ಮಾಡಿದ್ದೂ ಇದೆ. ಕ್ರಿಮಿಯಾದ ಯಾಲ್ಟಾ ಹತ್ತಿರ ನಿಕಿತ್ಸ್ಕಿ ಸಸ್ಯೋದ್ಯಾನ ಅಂತ ಇದೆ, ಅಲ್ಲಿ ಹುಟ್ಟಿದ್ದು ರೊಸಿಯಾಂಕಾ. ಅದರ ಮಗಳು ನಿಕಿತಾಸ್ ಗಿಫ್ಟ್. ಹಣ್ಣು ಜಪಾನಿಯದಕ್ಕಿಂತ ಸಣ್ಣದು, ರುಚಿ ಎರಡರದ್ದೂ. ನನ್ನ ನಿಕಿತಾಸ್ ಗಿಫ್ಟ್ 2022ರಲ್ಲಿ ತುದಿ ಕೊಂಬೆಗಳನ್ನು ಕಳೆದುಕೊಂಡಿತು, ಆದರೆ ಬದುಕಿತು. ಪಿಟ್ಸ್‌ಬರ್ಗ್‌ಗೆ ಒಂದು ಪ್ರೋಕ್, ಒಂದು ನಿಕಿತಾಸ್ ಗಿಫ್ಟ್ ಸಾಕು. ಅಡ್ಡತಳಿಯನ್ನು ಗಾಳಿಗೆ ಮರೆ ಇರುವ ಕಡೆ ಹಾಕಿ.

ಬೀಜದಿಂದ ಬೆಳೆಸಲು ಹೋಗಬೇಡಿ. ಕಾಡು ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ನಮ್ಮ ಜವಾರಿ ಪಪ್ಪಾಯಿಯ ಹಾಗೆ. ಪಪ್ಪಾಯಿಯಾದರೆ ಆರು ತಿಂಗಳಲ್ಲಿ ಗೊತ್ತಾಗುತ್ತದೆ, ಇದು ಆರೇಳು ವರ್ಷ ಸಾಕಿಸಿಕೊಂಡು ಆಮೇಲೆ ಗಂಡು ಅಂತ ತೋರಿಸುತ್ತದೆ. ಕಸಿ ಗಿಡವೇ ತನ್ನಿ.

ಜಾಗ. ತಗ್ಗಿನಲ್ಲಿ ಹಾಕಬೇಡಿ. ಚಳಿ ಗಾಳಿ ಭಾರ, ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಂಗಳ ಇಳಿಜಾರಾಗಿದ್ದರೆ ನಡು ಇಳಿಜಾರು ಒಳ್ಳೆಯದು. ಗಿಡದಿಂದ ಗಿಡಕ್ಕೆ 18–20 ಅಡಿ.

ಇನ್ನು ಒಂದು ವಿಷಯ, ಇದನ್ನು ಮಗಳಿಗೆ ಈಗಲೇ ಹೇಳಿಬಿಡಿ. ಸಸಿ ಮಣ್ಣಿಲ್ಲದೆ ಬರೀ ಬೇರಿನಲ್ಲಿ ಬರುತ್ತದೆ. ಆ ಬೇರು ಕರ್ರಗಿರುತ್ತದೆ, ಕೊಳೆತಿದೆ ಅನಿಸುತ್ತದೆ. ಕೊಳೆತಿಲ್ಲ, ಪರ್ಸಿಮನ್ ಬೇರಿನ ಬಣ್ಣವೇ ಅದು. ತಾಯಿಬೇರು ಉದ್ದ ಇರುತ್ತದೆ, ಗುಂಡಿಗೆ ಹಿಡಿಸಲ್ಲ ಅಂತ ಕತ್ತರಿಸಬಾರದು, ಗುಂಡಿಯನ್ನೇ ಆಳ ಮಾಡಿ. ಆಮೇಲೆ ಮೊದಲ ವರ್ಷ ಏಪ್ರಿಲ್ ಹೋಗುತ್ತದೆ, ಮೇ ಹೋಗುತ್ತದೆ, ಸೇಬು, ಪಿಯರ್ ಎಲ್ಲ ಎಲೆ ಬಿಟ್ಟಿರುತ್ತವೆ, ಇದು ಕೋಲಿನ ಹಾಗೆ ನಿಂತಿರುತ್ತದೆ. ಜೂನ್‌ನಲ್ಲಿ ಚಿಗುರಿದ್ದನ್ನು ನೋಡಿದ್ದೇನೆ. ಕಿತ್ತು ಹಾಕಬೇಡಿ. ಉಗುರಿನಿಂದ ಕೆರೆದು ನೋಡಿ, ಹಸಿರಿದ್ದರೆ ಕಾಯಿರಿ.

ಗೊಬ್ಬರ ಕಡಿಮೆ. ಯೂರಿಯಾ ಥರದ್ದು ಜಾಸ್ತಿ ಹಾಕಿದರೆ ಎಳೆ ಕೊಂಬೆ ಸೊಕ್ಕಿ ಬೆಳೆಯುತ್ತದೆ, ಕಾಯಿ ಉದುರುತ್ತದೆ, ಆ ಎಳೆಯದೇ ಚಳಿಗೆ ಮೊದಲು ಸಾಯುವುದು. ಬುಡಕ್ಕೆ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗಿಸದೆ. ಜಿಂಕೆ ಕಾಟ ಇರುತ್ತದೆ, ಮೊದಲ ಮೂರು ವರ್ಷ ಸುತ್ತ ತಂತಿ ಬಲೆ ಬೇಕೇ ಬೇಕು.

ಕಾಂಡಕ್ಕೆ ಬಿಳಿ ಬಣ್ಣ ಬಳಿಯಿರಿ. ಇದನ್ನು ಕೇಳಿದರೆ ನಿಮಗೆ ಊರು ನೆನಪಾಗುತ್ತದೆ, ನಾವು ಬಿಸಿಲಿಗೆ ಸುಣ್ಣ ಬಳಿಯುತ್ತೇವಲ್ಲ. ಇಲ್ಲಿ ಬಳಿಯುವುದು ಚಳಿಗಾಲದ ಬಿಸಿಲಿಗೆ. ಹಿಮದ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದು ಕಾಂಡದ ಒಂದು ಮಗ್ಗುಲು ಬೆಚ್ಚಗಾಗಿ ಎಚ್ಚರವಾಗುತ್ತದೆ, ಸಂಜೆ ಮತ್ತೆ ಹೆಪ್ಪುಗಟ್ಟುತ್ತದೆ, ತೊಗಟೆ ಸೀಳುತ್ತದೆ. ಬಿಳಿ ಇದ್ದರೆ ಕಾಂಡ ಬಿಸಿಯಾಗುವುದಿಲ್ಲ.

ಕೃಷ್ಣಾ ತೀರ (ರಾಯಚೂರು)

ತುಂಬಾ ದೊಡ್ಡ ಉಪಕಾರ ತಮ್ಮಾ. ಎಲ್ಲ ಬರೆದುಕೊಂಡೆ. ಕರಿ ಬೇರಿನ ವಿಷಯ ಹೇಳದೇ ಇದ್ದಿದ್ದರೆ ನಾನೇ ಅದನ್ನು ತಿಪ್ಪೆಗೆ ಹಾಕುತ್ತಿದ್ದೆ, ದಾಳಿಂಬೆಯಲ್ಲಿ ಬೇರು ಕಪ್ಪಾದರೆ ಗಿಡ ಹೋಯಿತು ಅಂತಲೇ ಲೆಕ್ಕ. ಒಂದು ಉಳಿಯಿತು, ಹಣ್ಣು ಯಾವಾಗ ಕೀಳಬೇಕು? ಹಿಮ ಬಿದ್ದ ಮೇಲೇ ಸಿಹಿಯಾಗುತ್ತದೆ ಅಂತ ಮಗಳಿಗೆ ಯಾರೋ ಹೇಳಿದ್ದಾರಂತೆ.

ಬಳ್ಳಾರಿ–ಓಹಾಯೋ

ಅದು ಇಲ್ಲಿನ ಹಳೇ ನಂಬಿಕೆ ಸರ್, ನಿಜ ಅಲ್ಲ. ಅರ್ಲಿ ಗೋಲ್ಡನ್ ಸೆಪ್ಟೆಂಬರ್‌ನಲ್ಲೇ ಹಣ್ಣಾಗುತ್ತದೆ, ಆಗ ಇಬ್ಬನಿ ಮಾತ್ರ. ಬೇಕಾದದ್ದು ಹಿಮ ಅಲ್ಲ, ಮಾಗುವುದು. ಕಾಡು ಜಾತಿಯನ್ನು ಕೀಳುವುದೇ ಇಲ್ಲ, ತಾನಾಗಿ ಬೀಳಬೇಕು. ಬೆಳಗ್ಗೆ ಎದ್ದು ಮರದಡಿ ಹೋದರೆ ಹುಲ್ಲಿನ ಮೇಲೆ ಬಿದ್ದಿರುತ್ತವೆ, ಸಿಪ್ಪೆ ಸುಕ್ಕಾಗಿ, ಕೇಸರಿ ಮೇಲೆ ನೇರಳೆ ಮಬ್ಬು. ನೋಡಿದರೆ ಕೆಟ್ಟುಹೋಗಿದೆ ಅನಿಸಬೇಕು, ಆಗ ಅದು ಸರಿಯಾದ ಹಣ್ಣು. ನನ್ನ ಮಗಳು ಶಾಲೆ ಬಸ್ಸಿಗೆ ಮೊದಲು ಬಟ್ಟಲು ಹಿಡಿದು ಆರಿಸುತ್ತಾಳೆ.

ಒಗರಿಗೆ ಕಾರಣ ಟ್ಯಾನಿನ್. ಕಾಯಿಯಲ್ಲಿ ಅದು ನೀರಿನಲ್ಲಿ ಕರಗುವ ರೂಪದಲ್ಲಿರುತ್ತದೆ, ಬಾಯಿಗೆ ಹಾಕಿದ ಕೂಡಲೇ ಜೊಲ್ಲಿಗೆ ಅಂಟುತ್ತದೆ. ಮಾಗಿದಾಗ ಅದು ಗಟ್ಟಿಕಟ್ಟುತ್ತದೆ, ಹಣ್ಣಿನಲ್ಲೇ ಇರುತ್ತದೆ, ಆದರೆ ನಾಲಿಗೆಗೆ ಸಿಗುವುದಿಲ್ಲ. ಇಸ್ರೇಲಿನವರು ಕಾರ್ಬನ್ ಡೈಆಕ್ಸೈಡ್ ತುಂಬಿದ ಕೋಣೆಯಲ್ಲಿಟ್ಟು ಅದನ್ನೇ ಬೇಗ ಮಾಡಿಸುತ್ತಾರೆ, ಅದಕ್ಕೇ ಶಾರನ್ ಹಣ್ಣನ್ನು ಗಟ್ಟಿ ಇರುವಾಗಲೇ ತಿನ್ನಬಹುದು. ಫುಯುವಿಗೆ ಅದೂ ಬೇಡ, ಸೌತೆಕಾಯಿಯ ಹಾಗೆ ಹೆಚ್ಚಿ ತಿನ್ನಬಹುದು. ಅವ್ವ ತಿಂದದ್ದು ಚಮಚದ್ದು ಅಂದಿರಲ್ಲ ಅಕ್ಕ, ಅದು ಹಚಿಯಾ ಥರದ ಒಗರು ಜಾತಿ ಇರಬೇಕು, ಪೂರ್ತಿ ಮೆತ್ತಗಾಗಬೇಕು.

ಎಲ್ಲರಿಗೂ ಒಂದು ಎಚ್ಚರಿಕೆ. ಒಗರು ಇರುವ ಕಾಯಿಯನ್ನು ಹಟ ಮಾಡಿ ತಿನ್ನಬೇಡಿ. ಆ ಟ್ಯಾನಿನ್ ಹೊಟ್ಟೆಯಲ್ಲಿ ಗಡ್ಡೆ ಕಟ್ಟುತ್ತದೆ, ಕಲ್ಲಿನಂಥ ಗಡ್ಡೆ. ಹೊಟ್ಟೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯಿಂದ ಜೀರ್ಣ ನಿಧಾನ ಇರುವವರು ಇನ್ನೂ ಹುಷಾರಾಗಿರಬೇಕು.

ಮಸಾರಿ ಹೊಲ

ಎಲ್ಲವನ್ನೂ ಅವ್ವನಿಗೆ ಓದಿ ಹೇಳಿದೆ. ನರ್ಸರಿಯವರಿಗೂ ಫೋನ್ ಮಾಡಿದ್ದೆ. ಯಾವ ಜಾತಿ, ಯಾವ ತಳಿ ಅಂತ ಕೇಳಿದರೆ “ಅದೆಲ್ಲ ಒಂದೇ ಮೇಡಂ, ವಿದೇಶಿ ತಳಿ” ಅಂದರು. ಎಷ್ಟು ಗಂಟೆ ಚಳಿ ಬೇಕು ಅಂತ ಕೇಳಿದೆ, ಫೋನ್ ಇಟ್ಟರು. ದುಡ್ಡು ಕಟ್ಟಲಿಲ್ಲ.

ಅವ್ವನಿಗೆ ಬೇಜಾರಾಯಿತು, ಇಲ್ಲ ಅನ್ನಲ್ಲ. ಆದರೆ ಸಂಡೂರಿನ ಅಣ್ಣ ಬರೆದದ್ದು ಓದಿದಾಗ ಎದ್ದು ಕೂತರು. ತುಮರಿ ಅವರ ತವರು ಊರಿನ ಗುಡ್ಡದಲ್ಲೂ ಇತ್ತಂತೆ, ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅಕ್ಕಿ ಡಬ್ಬಿಯಲ್ಲಿ ಮಾಗಲು ಇಡುತ್ತಿದ್ದರಂತೆ. “ಆ ಟೊಪ್ಪಿಗೆ ನೋಡಿದಾಗಲೇ ನನಗೆ ಎಲ್ಲೋ ನೋಡಿದ್ದೇನೆ ಅನಿಸಿತ್ತು” ಅಂದರು. ಮದುವೆಯಾಗಿ ಬಂದ ಮೇಲೆ ತಿಂದೇ ಇಲ್ಲವಂತೆ, 50 ವರ್ಷದ ಮೇಲಾಯಿತು.

ತಮ್ಮನಿಗೂ ಹೇಳಿದ್ದೇನೆ, ಈ ನವೆಂಬರಿನಲ್ಲಿ ಒಂದು ಪೆಟ್ಟಿಗೆ ಜಾಪಾನಿ ಫಲ ಕಳಿಸುತ್ತಾನೆ. ಬರುವಷ್ಟರಲ್ಲಿ ಎಲ್ಲ ಒಟ್ಟಿಗೆ ಹಣ್ಣಾದರೆ ಏನು ಮಾಡಲಿ?

ಬಳ್ಳಾರಿ–ಓಹಾಯೋ

ಗಟ್ಟಿ ಇರುವಾಗಲೇ ಕಳಿಸಲು ಹೇಳಿ, ತೊಟ್ಟು ಮುರಿಯದೆ. ದಿನಕ್ಕೆ ಎಷ್ಟು ಬೇಕೋ ಅಷ್ಟನ್ನು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಮಡಚಿಡಿ, ಬಾಳೆಹಣ್ಣು ಇವನ್ನೂ ಮಾಗಿಸುತ್ತದೆ. ಉಳಿದವು ಫ್ರಿಜ್ಜಿನಲ್ಲಿರಲಿ.

ಫುಯು ಸಿಕ್ಕರೆ ಒಣಗಿಸಿ. ಜಪಾನಿನಲ್ಲಿ ಒಗರು ಹಣ್ಣನ್ನು ಸಿಪ್ಪೆ ತೆಗೆದು, ತೊಟ್ಟಿಗೆ ದಾರ ಕಟ್ಟಿ, ಸೂರಿನಡಿ ತೂಗುಹಾಕುತ್ತಾರೆ, ವಾರದ ಮೇಲೆ ಕೈಯಲ್ಲಿ ಮೆತ್ತಗೆ ಹಿಸುಕುತ್ತಾ ನಾಲ್ಕರಿಂದ ಆರು ವಾರ. ಹಣ್ಣಿನ ಸಕ್ಕರೆಯೇ ಹೊರಗೆ ಬಂದು ಬಿಳಿ ಪುಡಿಯಾಗಿ ಕೂರುತ್ತದೆ. ಅದಕ್ಕೆ ತಂಪು ಹವೆ ಬೇಕು, ಕೊಪ್ಪಳದಲ್ಲಿ ಹುಳಿ ಬಂದೀತು. ನೀವು ಫುಯುವನ್ನು ತೆಳ್ಳಗೆ ಹೆಚ್ಚಿ, ಸಂಡಿಗೆ ಹಾಕುವ ಹಾಗೆ ಬಟ್ಟೆ ಮೇಲೆ ಹರಡಿ, ಮೇಲೊಂದು ತೆಳು ಬಟ್ಟೆ ಮುಚ್ಚಿ ಮಾಳಿಗೆ ಮೇಲಿಡಿ. ನವೆಂಬರ್, ಡಿಸೆಂಬರಿನ ನಮ್ಮ ಒಣ ಗಾಳಿಗೆ ಮೂರ್ನಾಲ್ಕು ದಿನ ಸಾಕು. ಇಲ್ಲಿ ನಾನು ಕರೆಂಟ್ ಮೆಷಿನ್ ಇಟ್ಟು ಮಾಡುವ ಕೆಲಸ ಅದು.

ಸಂಡೂರು ಗುಡ್ಡ

ಅಕ್ಕ, ತುಮರಿ ಹಣ್ಣಿಗೆ ಕಾಡಿಗೆ ಹೋಗುವುದು ಬೇಡ. ನಮ್ಮ ಹೊಲದ ಬದುವಿನಲ್ಲೇ ಮೂರು ಮರ ಇವೆ. ಮೇ ಮೊದಲ ವಾರ ಹಣ್ಣಾಗುತ್ತವೆ. ಸಂಡೂರಿಗೆ ಬಂದರೆ ಅವ್ವನನ್ನು ಕರೆದುಕೊಂಡೇ ಬನ್ನಿ, ಮರದಡಿ ನೆರಳಿದೆ, ಕೂತು ತಿನ್ನಲಿ.

ತಿಂದ ಬೀಜ ಬಿಸಾಡಬೇಡಿ. ತೊಳೆದು ನೆರಳಲ್ಲಿ ಒಂದು ದಿನ ಆರಿಸಿ, ಬೇಗ ಬಿತ್ತಿಬಿಡಿ. ಪಾಕೀಟು ಉದ್ದದ್ದಿರಲಿ, ಇದಕ್ಕೂ ತಾಯಿಬೇರು ಆಳ. ಮೇಲೆ ಎರಡು ಎಲೆ ಕಾಣುವಷ್ಟರಲ್ಲಿ ಕೆಳಗೆ ಒಂದು ಗೇಣು ಬೇರು ಇಳಿದಿರುತ್ತದೆ. ಅದಕ್ಕೇ ನಾನಾದರೆ ನೇರವಾಗಿ ನೆಲದಲ್ಲೇ ಬಿತ್ತುತ್ತೇನೆ, ಮುಂಗಾರಿನ ಮೊದಲ ಮಳೆಗೆ, ಒಂದು ಗುಂಡಿಗೆ ಮೂರು ಬೀಜ.

ಮಸಾರಿ ಹೊಲ

ಬರುತ್ತೇವೆ ಅಣ್ಣ. ಮೇ ಮೊದಲ ಭಾನುವಾರ. ಅವ್ವ ಈಗಲೇ ಚಮಚ ಬೇಡ ಅಂತಿದ್ದಾರೆ, ತುಮರಿಯನ್ನು ಚೀಪಿಯೇ ತಿನ್ನಬೇಕಂತೆ. ಹಿತ್ತಲಲ್ಲಿ ಬಾವಿ ಪಕ್ಕದ ಮೂಲೆ ಬಿಡಿಸಿ ಇಟ್ಟಿದ್ದೇನೆ, ಎರಡು ಗುಂಡಿಗೆ ಜಾಗ ಆಗುತ್ತದೆ.